ಹೊಳೆಯಲ್ಲಿ ನಿಂತವನು ತಿರುಗಿ ನೋಡಲಿಲ್ಲ

"ಅಲ್ಯೋರ್!"

ಅವನು ತಿರುಗಲಿಲ್ಲ.

ಹೊಳೆಯ ನಡುವೆ, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಕೈಯಲ್ಲಿ ಗಾಳದ ಕೋಲು. ಬೆನ್ನು ಅವಳ ಕಡೆಗೆ. ಅದೇ ಅಗಲವಾದ ಭುಜ. ಎಡಕ್ಕೆ ವಾಲಿಸಿ ಇಟ್ಟುಕೊಂಡ ಅದೇ ಟೋಪಿ. ಸಾವಿರ ಜನರ ನಡುವೆ ನಿಲ್ಲಿಸಿದರೂ ಸಬೊಹತ್ ಗುರುತು ಹಿಡಿಯಬಲ್ಲ ಬೆನ್ನು ಅದು!

"ಅಲ್ಯೋರ್... ನಾನು ಕಣೋ! ಸಬೊಹತ್!"

ಊಹೂಂ.

ಅಷ್ಟರಲ್ಲಿ ಗಾಳದ ದಾರ ಬಿಗಿಯಾಯಿತು. ಕೋಲು ಬಾಗಿತು. ಅವನು ಮೆಲ್ಲಗೆ ಹಿಂದೆ ಸರಿಯುತ್ತಾ ಒಂದು ಗುಲ್‌ಮಾಹಿಯನ್ನು ಮೇಲಕ್ಕೆ ಎಳೆದ. ಮೈತುಂಬ ಕೆಂಪು ಚುಕ್ಕಿಗಳ ಟ್ರೌಟ್ ಮೀನು. ಹೂವಿನಂಥ ಮೀನು ಅಂತಲೇ ಆ ಹೆಸರು. ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಆಮೇಲೆ... ಗಟ್ಟಿಯಾಗಿ ನಕ್ಕ.

ಆ ನಗು ಸಬೊಹತ್‌ಳ ಎದೆಗೆ ಚೂರಿಯಂತೆ ಇಳಿಯಿತು.

'ನಗ್ತಿದಾನೆ! ನಾನು ಇಲ್ಲಿ ಗಂಟಲು ಹರಿದುಕೊಳ್ತಿದೀನಿ, ಇವನು ಮೀನು ನೋಡಿ ನಗ್ತಿದಾನೆ!'

ಅವನು ರಷ್ಯಾಕ್ಕೆ ಕೂಲಿಗೆ ಹೋಗುವ ಮುಂಚೆ ಎರಡೂ ಮನೆಯವರು ಸೇರಿ ರೊಟ್ಟಿ ಮುರಿದಿದ್ದರು. ರೊಟ್ಟಿ ಮುರಿದರೆ ಮುಗಿಯಿತು, ಹುಡುಗಿ ಆ ಮನೆಯವಳು. ಪ್ರತಿ ಶುಕ್ರವಾರ ಅವನ ಫೋನು ಬರುತ್ತಿತ್ತು. ಹೋದ ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ನಿಂತುಹೋಯಿತು. ಕಾರಣ ಇಲ್ಲ, ಸುದ್ದಿ ಇಲ್ಲ. ಅವನ ಅಣ್ಣ ಶೋದಿಬೆಕ್‌ನನ್ನು ಕೇಳಿದರೆ ನೆಲ ನೋಡುತ್ತಿದ್ದ. "ಚೆನ್ನಾಗಿದಾನಮ್ಮ. ಕೆಲಸ ಜಾಸ್ತಿ ಅಂತೆ," ಅನ್ನುತ್ತಿದ್ದ.

ಊರಿನ ಬಾಯಿ ಸುಮ್ಮನಿರುತ್ತದೆಯೇ?

"ಅಲ್ಲೇ ಒಬ್ಬಳನ್ನ ಕಟ್ಕೊಂಡಿದಾನಂತೆ. ಹೊಂಬಣ್ಣದ ಕೂದಲಿನವಳಂತೆ!"

ವಸಂತದಲ್ಲಿ ಅವನು ಬಂದ. ಬಂದವನು ಅವಳ ಮನೆಯ ಹೊಸ್ತಿಲು ತುಳಿಯಲಿಲ್ಲ. ನೇರ ಬೆಟ್ಟ ಹತ್ತಿ, ಮೇಲಿನ ಸರೋವರದ ಪಕ್ಕ ಕಲ್ಲಿನ ಗುಡಿಸಲಲ್ಲಿ ಕೂತುಬಿಟ್ಟ. ಹಗಲೆಲ್ಲ ಮೀನು ಹಿಡಿಯುತ್ತಾನಂತೆ, ಯಾರನ್ನೂ ಮಾತಾಡಿಸುವುದಿಲ್ಲವಂತೆ.

ಹೆಂಗಸರು ಬೇಸಿಗೆಯ ಹಟ್ಟಿಗೆ ಹಸು, ಯಾಕ್‌ಗಳನ್ನು ಹೊಡೆದುಕೊಂಡು ಹೊರಟಾಗ ಸಬೊಹತ್ ತಾನೂ ಬರುತ್ತೇನೆಂದು ಹಟ ಹಿಡಿದಳು. ಹಟ್ಟಿಯಿಂದ ಸರೋವರಕ್ಕೆ ಒಂದು ಏರು ಅಷ್ಟೇ ದಾರಿ. ಮೊದಲ ದಿನವೇ ಹಾಲು ಕರೆದು, ಕೈ ಒರೆಸಿಕೊಂಡು, ಏದುಸಿರು ಬಿಡುತ್ತಾ ಹತ್ತಿ ಬಂದಿದ್ದಳು.

ಬಂದರೆ... ಈ ಬೆನ್ನು!

ಅವಳು ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು. ಬೀಸಿ ಎಸೆದಳು. ಅವನ ಮುಂದೆಯೇ ನೀರು ಚಿಮ್ಮಿತು.

ಅವನು ಬೆಚ್ಚಿಬಿದ್ದು ತಿರುಗಿದ. ಅವಳನ್ನು ಕಂಡ. ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು. ಕೈಯಲ್ಲಿದ್ದ ಮೀನು ಜಾರಿ ನೀರಿಗೆ ಬಿತ್ತು.

"ಕಲ್ಲು ಹೊಡೆದ್ರೆ ಮಾತ್ರ ತಿರುಗ್ತೀಯಾ? ಕರೆದ್ರೆ ಕೇಳಿಸಲ್ವಾ?" ಸಬೊಹತ್ ದಡದ ಅಂಚಿಗೆ ಬಂದಳು. ಕೋಪಕ್ಕೆ ಮಾತು ಒಂದರ ಮೇಲೊಂದು ಬೀಳುತ್ತಿತ್ತು. "ಎಷ್ಟು ತಿಂಗಳಾಯ್ತೋ? ಸತ್ತಿದ್ಯೋ ಬದುಕಿದ್ಯೋ ಅಂತಾನೂ ಗೊತ್ತಿಲ್ಲ! ಊರಲ್ಲಿ ಮುಖ ಎತ್ಕೊಂಡು ಓಡಾಡೋ ಹಾಗಿಲ್ಲ ನಾನು! ಹೇಳು... ಏನಾದ್ರೂ ಹೇಳು!"

ಅವನು ಹೇಳಲಿಲ್ಲ. ಅವಳ ಕಣ್ಣನ್ನೂ ನೋಡುತ್ತಿರಲಿಲ್ಲ. ತುಟಿಗಳನ್ನೇ ನೋಡುತ್ತಿದ್ದ, ಹಸಿದವನ ಹಾಗೆ!

'ನಾಚಿಕೆಗೆಟ್ಟವನು!'

"ಇನ್ನೊಬ್ಬಳು ಇದಾಳಾ?" ಕೊನೆಗೂ ಅವಳ ಬಾಯಿಂದ ಬಂದೇಬಿಟ್ಟಿತು. "ಊರವರು ಹೇಳೋದು ನಿಜಾನಾ? ಹೌದು ಅಥವಾ ಅಲ್ಲ, ಅಷ್ಟೇ!"

ಒಂದು ಕ್ಷಣ... ಹೊಳೆಯ ಭೋರ್ಗರೆತ ಬಿಟ್ಟರೆ ಬೇರೇನೂ ಇಲ್ಲ.

ಅಲ್ಯೋರ್ ತಲೆಯಾಡಿಸಿದ. ಹೌದೆಂದು.

ಅಷ್ಟೇ ಅಲ್ಲ. ತಲೆಯಾಡಿಸಿ, ತುಸು ನಕ್ಕ ಕೂಡ!

ಸಬೊಹತ್‌ಳಿಗೆ ಅಳು ಬರಲಿಲ್ಲ. ಬೈಗುಳವೂ ಬರಲಿಲ್ಲ. ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು, ತಿರುಗಿ, ಇಳಿಜಾರಿನಲ್ಲಿ ಓಡಿದಳು.

* * *

"ಬಾಯಲ್ಲಿ ಏನಂದ?" ದೊಡ್ಡಮ್ಮ ದೌಲತ್‌ಮೋ ಬೆಣ್ಣೆ ಕಡೆಯುವುದನ್ನು ನಿಲ್ಲಿಸಿ ಕೇಳಿದಳು.

"ಏನೂ ಅನ್ನಲಿಲ್ಲ ದೊಡ್ಡಮ್ಮ. ತಲೆ ಆಡಿಸಿದ."

"ಅಯ್ಯೋ ಹುಚ್ಚಿ! ಗಂಡಸರು ತಲೆ ಆಡಿಸೋದನ್ನ ಯಾರಾದ್ರೂ ನಂಬ್ತಾರಾ? ನಿಮ್ಮ ದೊಡ್ಡಪ್ಪ ಜೀವಮಾನವೆಲ್ಲ ನನ್ನ ಮಾತಿಗೆ ತಲೆ ಆಡಿಸಿದಾನೆ. ಒಂದು ಮಾತನ್ನೂ ಕೇಳಿಸ್ಕೊಂಡವನಲ್ಲ!"

ಸಬೊಹತ್‌ಳಿಗೆ ನಗು ಬರಲಿಲ್ಲ. ಎದ್ದು ಹಟ್ಟಿಯ ಹಿಂದಿನ ದಿಬ್ಬ ಹತ್ತಿದಳು. ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ.

"ಅಮ್ಮಾ... ಆ ದನದ ಡಾಕ್ಟರ ಮನೆಯವರು ಕೇಳಿದ್ರಲ್ಲ, ಕಿಮ್ಮತ್‌ಶೋ... ಅವರಿಗೆ ಹ್ಞೂಂ ಅಂದ್ಬಿಡು."

ಆ ಕಡೆ ತಾಯಿ ಗುಲ್‌ಸಿಫತ್ ಒಂದು ದೀರ್ಘ ಉಸಿರು ಬಿಟ್ಟಳು. "ನಿಜವಾಗ್ಲೂನಾ ಮಗಳೇ?"

"ಅವನ ಹೆಸರಲ್ಲೇ ಕಿಮ್ಮತ್ತಿದೆ. ಅಲ್ಯೋರ್ ಕಣ್ಣಲ್ಲಿ ನನಗೆ ಅದೂ ಇಲ್ಲ."

"ನಾಡಿದ್ದೇ ಬರೋಕೆ ಹೇಳ್ತೀನಿ. ನಾಳೆ ಸಂಜೆಯೊಳಗೆ ಇಳಿದು ಬಾ."

ಬೆಳಗ್ಗೆ ಎದ್ದರೆ ಹಟ್ಟಿಯ ಬಾಗಿಲಿಗೆ ಗುಲ್‌ಮಾಹಿಗಳು ತೂಗುತ್ತಿದ್ದವು! ವಿಲೋ ಕಡ್ಡಿಗೆ ಪೋಣಿಸಿ, ಒದ್ದೆ ಹುಲ್ಲು ಸುತ್ತಿ, ಒಂದೊಂದೂ ತಾಜಾ, ಹೊಳೆಯುತ್ತಿದ್ದವು.

"ಯಾರು ಇಟ್ಟಿದ್ದು ಇದನ್ನ?"

"ಇನ್ಯಾರು? ನಿನ್ನ ಮೂಗ!" ದೌಲತ್‌ಮೋ ಕಣ್ಣು ಮಿಟುಕಿಸಿದಳು. "ಬೆಳಕು ಹರಿಯೋ ಮುಂಚೆ ಬಂದು ಕಟ್ಟಿ ಹೋದ. ಕರೆದೆ, ತಿರುಗಿ ಕೂಡ ನೋಡಲಿಲ್ಲ."

ಸಬೊಹತ್‌ಳ ಮೈ ಉರಿದುಹೋಯಿತು. ಬೇರೊಬ್ಬಳನ್ನು ಕಟ್ಟಿಕೊಂಡವನು ನನಗೆ ಮೀನು ಕಳಿಸುತ್ತಾನೆಯೇ? ದಾನವೇ? ಗೊಂಚಲನ್ನು ಕಿತ್ತುಕೊಂಡಳು.

"ಊರಿಗೆ ಹೋಗೋ ಮುಂಚೆ ಇದನ್ನ ಅವನ ಮುಖಕ್ಕೆ ಎಸೆದು ಹೋಗ್ತೀನಿ!"

"ಎಸಿ, ಎಸಿ. ಆದ್ರೆ ದೊಡ್ಡದೊಂದನ್ನ ಇಲ್ಲಿ ಬಿಟ್ಟು ಎಸಿ," ಅಂದಳು ದೊಡ್ಡಮ್ಮ.

* * *

ಹಟ್ಟಿಯ ಕೆಲಸ ಮುಗಿಸಿ ಅವಳು ಮೇಲೆ ತಲುಪುವ ಹೊತ್ತಿಗೆ ಬಿಸಿಲು ಚುರುಕಾಗಿತ್ತು. ಅವನು ಸರೋವರದ ನೀರು ಹೊಳೆಯಾಗಿ ಇಳಿಯುವ ಜಾಗದಲ್ಲಿದ್ದ. ತಲೆಯ ಮೇಲೆ ನಿಂತಿತ್ತು ಸಡಿಲ ಕಲ್ಲುಗಳ ಕಡಿದಾದ ಇಳಿಜಾರು. ಮಿಡತೆಯನ್ನು ಕೊಕ್ಕೆಗೆ ಸಿಕ್ಕಿಸಿ, ಬಂಡೆಯ ನೆರಳಿಗೆ ಮೆಲ್ಲಗೆ ಗಾಳ ಬಿಡುತ್ತಿದ್ದ.

ಮತ್ತೆ ಅದೇ ಬೆನ್ನು.

ಸಬೊಹತ್ ಮೀನಿನ ಗೊಂಚಲನ್ನು ಬಿಗಿಯಾಗಿ ಹಿಡಿದಳು. ಬಾಯಿ ತೆರೆದಳು...

ಆಗ ಕೇಳಿಸಿತು.

ಎತ್ತರದಲ್ಲಿ ಎಲ್ಲೋ... ಟಕ್. ಆಮೇಲೆ ಟಕ್ ಟಕ್. ಆಮೇಲೆ ಇಡೀ ಬೆಟ್ಟವೇ ಹಲ್ಲು ಕಡಿದಂಥ ಸದ್ದು!

ಹಿಮ ಕರಗಿ ಕಲ್ಲು ಸಡಿಲವಾದಾಗ ಬರುವ ಸದ್ದು. ಅಲ್ಲಿನ ಮಕ್ಕಳು 'ಅಮ್ಮ' ಅನ್ನುವುದಕ್ಕೆ ಮುಂಚೆ ಅದನ್ನು ಕಲಿಯುತ್ತಾರೆ. ಕೇಳಿಸಿದರೆ ನೋಡುತ್ತ ನಿಲ್ಲಬಾರದು, ಓಡಬೇಕು. ಬಿಲದ ಬಾಯಲ್ಲಿ ಕೂತಿದ್ದ ಮಾರ್ಮಟ್ ಎಂಬ ದಪ್ಪ ಬೆಟ್ಟದ ಅಳಿಲುಗಳು ಸಿಳ್ಳೆ ಹಾಕಿ ಒಳಗೆ ನುಗ್ಗಿದವು. ಆಚೆ ದಡದಲ್ಲಿ ಮೇಯುತ್ತಿದ್ದ ಯಾಕ್‌ಗಳು ಬಾಲ ಎತ್ತಿ ಓಡಿದವು. ಸಬೊಹತ್‌ಳ ಕಾಲುಗಳು ತಾವಾಗಿಯೇ ದೊಡ್ಡ ಬಂಡೆಯ ಹಿಂದೆ ಅವಳನ್ನು ಎಳೆದುಕೊಂಡು ಹೋದವು.

"ಅಲ್ಯೋರ್! ಕಲ್ಲು! ಕಲ್ಲು ಬರ್ತಿದೆ!"

ಅವನು ಅಲುಗಲಿಲ್ಲ.

ಒಂದು ಕಲ್ಲು ಪುಟಿದು ಅವನ ಹಿಂದೆ ಬಿತ್ತು. ಅವನು ಗಾಳದ ದಾರವನ್ನೇ ನೋಡುತ್ತಿದ್ದ. ಶಾಂತವಾಗಿ, ದೇವರ ಮುಂದೆ ನಿಂತವನಂತೆ.



ಆ ಸದ್ದು ಕೇಳಿಸಿಯೂ ಅಲುಗದೆ ನಿಲ್ಲುವ ಮನುಷ್ಯ ಆ ಬೆಟ್ಟಗಳಲ್ಲಿ ಹುಟ್ಟಿಲ್ಲ. ಕೋಪ ಇದ್ದರೂ ಓಡುತ್ತಾನೆ. ಬೇರೆ ಹೆಂಡತಿ ಇದ್ದರೂ ಓಡುತ್ತಾನೆ. ಸಾಯಬೇಕೆಂದು ಬಂದವನೂ ಒಮ್ಮೆಯಾದರೂ ತಲೆ ಎತ್ತಿ ನೋಡುತ್ತಾನೆ!

'ಅಂದ್ರೆ... ನಿನ್ನೆ ನಾನು ಕರೆದಾಗ... ಯಾ ಖುದಾ!'

ಮುಂದಿನದನ್ನು ಅವಳು ಯೋಚಿಸಲಿಲ್ಲ. ಮೀನು ಎಲ್ಲಿ ಬಿತ್ತೋ, ತಲೆಯ ವಸ್ತ್ರ ಎಲ್ಲಿ ಹಾರಿತೋ... ಬಂಡೆಯ ಮರೆಯಿಂದ ಬಯಲಿಗೆ ಓಡಿದಳು. ನೀರಿಗೆ ಧುಮುಕಿದಳು. ಎರಡೂ ಕೈಯಿಂದ ಅವನ ಅಂಗಿ ಹಿಡಿದು, ಇಡೀ ಮೈಭಾರ ಹಾಕಿ, ನೀರು ಕೊರೆದು ಪೊಳ್ಳಾಗಿದ್ದ ದಡದ ಕೆಳಗೆ ಅವನನ್ನು ಎಳೆದುಕೊಂಡು ಬಿದ್ದಳು.

ತಲೆಯ ಮೇಲೆ ಬೆಟ್ಟ ಗುಡುಗಿತು. ತಂದೂರಿ ಒಲೆಯಷ್ಟು ದೊಡ್ಡ ಕಲ್ಲೊಂದು ಅವನು ನಿಂತಿದ್ದ ಜಾಗಕ್ಕೇ ಬಂದು ಕೂತಿತು. ನೀರು ಗೋಡೆಯಂತೆ ಎದ್ದಿತು. ಮಣ್ಣು, ದೂಳು, ಹಿಮದ ನೀರಿನ ಕೊರೆತ...

ಆಮೇಲೆ ಎಲ್ಲ ನಿಂತಿತು.

ಅಲ್ಯೋರ್ ಆ ಕಲ್ಲನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಕಲ್ಲನ್ನು ನೋಡಿದ.

ಸಬೊಹತ್ ಅವನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿದಳು. ಒಂದೊಂದೇ ಅಕ್ಷರ ಬಿಡಿಸಿ ಕೇಳಿದಳು.

"ನಿನಗೆ... ಕೇಳಿಸಲ್ವಾ?"

ಅವನ ಕಣ್ಣು ಅವಳ ತುಟಿಯ ಮೇಲೆ. ರೆಪ್ಪೆ ಅದುರಿತು.

"ಇಲ್ಲ!"

ಎಷ್ಟು ಜೋರಾಗಿ ಹೇಳಿದನೆಂದರೆ ಸಬೊಹತ್ ಬೆಚ್ಚಿ ಹಿಂದೆ ಸರಿದಳು. ಆಚೆಯ ಬಂಡೆ "ಇಲ್ಲ" ಎಂದು ಮಾರುನುಡಿಯಿತು. ಅವನಿಗೆ ಅದೂ ಕೇಳಿಸಲಿಲ್ಲ.

ಬಿಸಿಲಿಗೆ ಕಾದ ಬಂಡೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಕೂತು ಅವನು ಹೇಳಿದ. ಕಟ್ಟಡದ ಕೆಲಸದಲ್ಲಿ ಗ್ಯಾಸ್ ಸಿಲಿಂಡರ್ ಸಿಡಿದದ್ದು. ಪಕ್ಕದಲ್ಲಿದ್ದವನು ಹೋಗಿಬಿಟ್ಟದ್ದು. ತನ್ನ ಮೈಮೇಲೆ ಒಂದು ಗೀರೂ ಆಗದೆ ಉಳಿದದ್ದು... ಪ್ರಪಂಚ ಮಾತ್ರ ಮೂಕವಾದದ್ದು. ಕೆಲವು ಮಾತು ಕಿರುಚಿದಂತೆ ಬರುತ್ತಿದ್ದವು, ಕೆಲವು ಗಂಟಲಲ್ಲೇ ಉಳಿಯುತ್ತಿದ್ದವು.

"ಯಾಕೆ ಇಲ್ಲಿ ಬಂದು ಕೂತೆ?"

"ಹೊಳೆ ಹತ್ರ ಎಲ್ರೂ ಕಿವುಡ್ರೇ ಸಬೊ. ಯಾರ ಮಾತು ಯಾರಿಗೂ ಕೇಳಿಸಲ್ಲ. ಇಲ್ಲಿ ನಾನು ಎಲ್ಲರ ಹಾಗೇ ಇರ್ತೀನಿ. ಮೀನು ಕಚ್ಚಿದ್ರೆ ಕೈಗೆ ಗೊತ್ತಾಗುತ್ತೆ... ಅದೊಂದೇ ನನ್ನ ಹತ್ರ ಮಾತಾಡೋದು."

"ನಿನ್ನೆ ತಲೆ ಯಾಕೆ ಆಡಿಸಿದೆ?"

ಅವನಿಗೆ ಅರ್ಥವಾಗಲಿಲ್ಲ. ಅವಳು ಮತ್ತೆ ಹೇಳಿದಳು. ಊಹೂಂ. ಕೊನೆಗೆ ಎದ್ದು ನಿಂತು, ಸೊಂಟ ಬಳುಕಿಸಿ, ಉದ್ದ ಕೂದಲು ಹಿಂದಕ್ಕೆ ತಳ್ಳಿ ಬೇರೊಬ್ಬ ಹೆಣ್ಣಿನಂತೆ ನಡೆದು ತೋರಿಸಿ, ಅವನ ಎದೆಗೆ ಬೆರಳು ಚುಚ್ಚಿದಳು. "ಇವಳು! ನಿನಗೆ! ಇದಾಳಾ ಅಂತ ಕೇಳಿದೆ! ನೀನು ಹೌದು ಅಂದೆ!"

ಅಲ್ಯೋರ್‌ನ ಕಣ್ಣು ಹಣೆಗೇರಿತು.

"ಬೇರೆ ಹೆಣ್ಣಾ?! ನನಗಾ?! ನಾನು... ನೀನು 'ಚೆನ್ನಾಗಿದೀಯಾ' ಅಂತ ಕೇಳಿದೆ ಅಂದ್ಕೊಂಡೆ! ಅರ್ಥ ಆಗದಿದ್ರೆ ತಲೆ ಆಡಿಸಿ ನಕ್ಕುಬಿಡ್ತೀನಿ. ಎಲ್ಲರ ಹತ್ರಾನೂ ಹಾಗೇ ಮಾಡೋದು..."

ಸಬೊಹತ್‌ಳಿಗೆ ಆಗ ನೆನಪಾಯಿತು. ದಿಬ್ಬ. ಫೋನು. 'ಹ್ಞೂಂ ಅಂದ್ಬಿಡು.'

ಅವಳ ಮುಖ ಬಿಳಿಚಿಕೊಂಡಿತು. ಅವನ ಮುಂದೆ ಕೂತು, ನಿಧಾನವಾಗಿ, ಒಂದೂ ಮಾತು ತಪ್ಪದಂತೆ ಹೇಳಿದಳು. "ನಾಳೆ... ನನ್ನನ್ನ... ಕೇಳೋಕೆ ಬರ್ತಿದಾರೆ. ನಾನೇ... ಬನ್ನಿ ಅಂದೆ."

ಅವನು ಓದಿದ. ಅಂಗಿಯ ಒದ್ದೆ ತೋಳನ್ನು ಹಿಂಡಿದ.

"ಒಳ್ಳೇದಾಯ್ತು. ಅವನಿಗೆ ಎರಡು ಕಿವಿ ಇವೆ. ಹೋಗು."

"ನಾನು ಮದುವೆ ಆಗೋದು ಕಿವೀನಾ? ಅಲ್ಯೋರ್, ಕೇಳಿಲ್ಲಿ—"

ಅವನು ಕಣ್ಣು ಮುಚ್ಚಿಕೊಂಡ.

ಅಷ್ಟೇ. ಮಾತು ಮುಗಿಯಿತು. ಅವಳು ಕೂಗಿದಳು, ಬೈದಳು, ಭುಜ ಹಿಡಿದು ಅಲುಗಾಡಿಸಿದಳು. ಮುಚ್ಚಿದ ಆ ರೆಪ್ಪೆಗಳಾಚೆಗೆ ಅವಳ ಒಂದು ಮಾತೂ ದಾಟಲಿಲ್ಲ. ಬಾಗಿಲು ಹಾಕಿಕೊಂಡವರನ್ನು ತಟ್ಟಿ ಎಬ್ಬಿಸಬಹುದು. ಹೀಗೆ ಮುಚ್ಚಿಕೊಂಡವನನ್ನು ಏನು ಮಾಡುವುದು?

* * *

ಹಟ್ಟಿಯಲ್ಲಿ ದೊಡ್ಡಮ್ಮನಿಗೆ ಎಲ್ಲ ಹೇಳಿ ಸಬೊಹತ್ ಸಂಜೆಗೆ ಊರಿಗೆ ಇಳಿದಳು. ತಾಯಿ ಹಿಟ್ಟು ನಾದುತ್ತಿದ್ದಳು. ಸಬೊಹತ್ ಒಳಗೆ ಬಂದವಳೇ ಹೇಳಿದಳು.

"ಅಮ್ಮಾ, ಅಲ್ಯೋರ್‌ಗೆ ಕಿವಿ ಕೇಳಿಸಲ್ಲ."

ತಾಯಿ ಬೆಚ್ಚುತ್ತಾಳೆ, ಬಾಯಿಗೆ ಕೈ ಹೋಗುತ್ತದೆ ಎಂದು ಕಾದಳು. ಹಾಗೇನೂ ಆಗಲಿಲ್ಲ. ನಾದುವ ಕೈ ಮಾತ್ರ ನಿಂತಿತು.

ಬೆಚ್ಚಿದ್ದು ಸಬೊಹತ್.

"ನಿನಗೆ... ಗೊತ್ತಿತ್ತು!"

"ಶೋದಿಬೆಕ್ ಬಂದು ಹೇಳಿದ. ಅಲ್ಯೋರ್ ವಾಪಸ್ ಬಂದ ದಿನವೇ."

"ಮತ್ತೆ ಆ ರಷ್ಯಾದವಳ ಸುದ್ದಿ?"

"ಅದನ್ನ ನಾನು ಹುಟ್ಟಿಸಲಿಲ್ಲ ಮಗಳೇ."

"ಸಾಯಿಸಲೂ ಇಲ್ಲ!"

ಗುಲ್‌ಸಿಫತ್ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು. "ನಿಮ್ಮಪ್ಪ ಹೋದ ಮೇಲೆ ನಾನು ಈ ಕಂಬಗಳ ಹತ್ರ ಮಾತಾಡ್ಕೊಂಡು ಬದುಕಿದೆ. ಕೇಳಿದ್ದಕ್ಕೆ ಉತ್ತರ ಬರದ ಮನೆ ಹೇಗಿರುತ್ತೆ ಅಂತ ನನಗೆ ಗೊತ್ತು. ಆ ಗತಿ ನಿನಗೆ ಬೇಡ ಅಂದ್ಕೊಂಡೆ. ತಪ್ಪಾ?"

ಸ್ವಂತ ಅಮ್ಮ! ಕಣ್ಣೆದುರೇ ತಾನು ಕೊರಗುವುದನ್ನು ನೋಡುತ್ತಾ... ಅವಳು ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು.

* * *

ಮರುದಿನ ಕಿಮ್ಮತ್‌ಶೋ ತನ್ನ ತಾಯಿ, ಮಾವನೊಂದಿಗೆ ಬಂದ. ಕಸೂತಿ ಬಟ್ಟೆಯಲ್ಲಿ ಸುತ್ತಿದ ದುಂಡು ರೊಟ್ಟಿ ನಡುಮನೆಯಲ್ಲಿ ಹಾಸಿದ ಬಟ್ಟೆಯ ಮೇಲೆ ಕೂತಿತು. ಉಪ್ಪು ಹಾಕಿದ ಹಾಲಿನ ಚಹಾ ಬಂತು. ಕಿಮ್ಮತ್‌ಶೋ ಕೆಟ್ಟವನಲ್ಲ. ದನಗಳ ಮೈ ಸವರಿ ಸವರಿ ದನಿಯೇ ಮೃದುವಾಗಿಬಿಟ್ಟಿದ್ದ ಮನುಷ್ಯ. ಅದಕ್ಕೇ ಸಬೊಹತ್‌ಳಿಗೆ ಇನ್ನೂ ಕಷ್ಟವಾಯಿತು.

ರೊಟ್ಟಿಗೆ ಕೈ ಹಾಕುವ ಮುಂಚೆ ಅವಳು ಎದ್ದು ನಿಂತಳು.

"ನನ್ನನ್ನ ಕ್ಷಮಿಸಿ. ಬನ್ನಿ ಅಂದವಳೂ ನಾನೇ, ಬೇಡ ಅನ್ನೋಳೂ ನಾನೇ. ನನ್ನ ಮನಸ್ಸು ಬೇರೆ ಕಡೆ ಇದೆ. ಆ ಕಡೆಯವರಿಗೆ ನಾನು ಬೇಡ... ಆದ್ರೂ ಅಲ್ಲೇ ಇದೆ."

ಕಿಮ್ಮತ್‌ಶೋನ ತಾಯಿಯ ಕೈಯಲ್ಲಿದ್ದ ಬಟ್ಟಲು ಅರ್ಧ ದಾರಿಯಲ್ಲೇ ನಿಂತಿತು. ಗುಲ್‌ಸಿಫತ್ ತಲೆ ಮೇಲೆ ಕೈ ಹೊತ್ತಳು.

ಅದೇ ಹೊತ್ತಿಗೆ ಬಾಗಿಲು ದಡ್ಡನೆ ತೆರೆಯಿತು!

ದೌಲತ್‌ಮೋ ಒಳಗೆ ನುಗ್ಗಿದಳು. ಅವಳ ಮುಷ್ಟಿಯಲ್ಲಿ ಒಂದು ಕಿವಿ. ಆ ಕಿವಿಯ ಹಿಂದೆ, ಬಾಗಿಕೊಂಡು, ಅಲ್ಯೋರ್!

"ನಡಿ! ಈ ಕಿವಿ ಕೇಳಿಸದೆ ಇದ್ರೂ ಹಿಂಡೋಕಾದ್ರೂ ಬರುತ್ತಲ್ಲ!"

ಅವಳು ಕೈ ಬಿಟ್ಟಳು. ಅಲ್ಯೋರ್ ನೆಟ್ಟಗೆ ನಿಂತ. ಅತಿಥಿಗಳನ್ನು ನೋಡಿದ. ರೊಟ್ಟಿಯನ್ನು ನೋಡಿದ. ಆಮೇಲೆ ನೇರ ಸಬೊಹತ್‌ಳ ಹತ್ತಿರ ಬಂದು, ಅವಳ ಕಿವಿಯ ಬಳಿ ಬಾಗಿ, ಅಂಗೈ ಅಡ್ಡ ಹಿಡಿದು ಪಿಸುಗುಟ್ಟಿದ.

ಪಿಸುಗುಟ್ಟಿದೆನೆಂದು ಅವನು ತಿಳಿದಿದ್ದ ಅಷ್ಟೇ.

"ಸಬೊ! ಯಾರಿಗೂ ಕೇಳಿಸಬಾರದು, ಗುಟ್ಟಾಗಿ ಹೇಳ್ತಿದೀನಿ!"

ಬೆಳಕಿಂಡಿಯ ಅಂಚಿನಲ್ಲಿ ಕೂತಿದ್ದ ಗುಬ್ಬಿಗಳು ಪುರ್ರೆಂದು ಹಾರಿಹೋದವು.

"ನಿನ್ನೆ ಸುಳ್ಳು ಹೇಳಿದೆ! ನೀನು ಬೇರೆಯವರ ಮನೆಗೆ ಹೋದ್ರೆ ಒಳ್ಳೇದಾಗಲ್ಲ! ನಂಗೆ ಒಳ್ಳೇದಾಗಲ್ಲ! ಕಿವಿ ಹೋದಾಗ ನಾನು ಅಳಲಿಲ್ಲ ಕಣೇ! ನಿನ್ನ ದನಿ ಹೇಗಿತ್ತು ಅನ್ನೋದೇ ಮರೆತುಹೋಗ್ತಿದೆ ಅಂತ ಗೊತ್ತಾದಾಗ ಅತ್ತೆ! ಇವರಿಗೆ ಹ್ಞೂಂ ಅಂದಾಗಿದ್ರೆ ಸದ್ದಿಲ್ದೆ ಹೋಗ್ತೀನಿ! ಅಂದಿಲ್ದೆ ಇದ್ರೆ... ನನ್ನನ್ನ ಬಿಡಬೇಡ!"

ಆಚೆ ಮನೆಯ ಮಾಡಿನ ಮೇಲೆ ಜರ್ದಾಳು ಒಣಹಾಕುತ್ತಿದ್ದ ಹೆಂಗಸರ ಮಾತೂ ನಿಂತುಹೋಗಿತ್ತು.

ಸಬೊಹತ್ ಅವನ ಅಂಗಿಯ ತೋಳು ಹಿಡಿದುಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ.

ಮೊದಲು ಮಾತಾಡಿದವನು ಕಿಮ್ಮತ್‌ಶೋ. ಗಂಟಲು ಸರಿಮಾಡಿಕೊಂಡ. "ಗುಟ್ಟು ನನಗೂ ಕೇಳಿಸ್ತು," ಅಂದ. ಅವನ ನಗುವಿನಲ್ಲಿ ತುಸು ನೋವಿತ್ತು. "ಅಮ್ಮಾ, ಏಳು. ರೊಟ್ಟಿ ಇಲ್ಲೇ ಇರಲಿ. ತಂದ ರೊಟ್ಟಿ ವಾಪಸ್ ಒಯ್ಯಬಾರದು. ಇವರೇ ಮುರೀಲಿ."

ಅವರನ್ನು ಬಾಗಿಲ ತನಕ ಕಳಿಸಿ ಬಂದ ಗುಲ್‌ಸಿಫತ್ ಅಲ್ಯೋರ್‌ನ ಎದುರು ನಿಂತಳು. ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು.

"ನಾನು ಹೇಳೋದು ಅರ್ಥ ಆಗುತ್ತಾ?"

"ನಿಧಾನಕ್ಕೆ ಹೇಳಿದ್ರೆ ಆಗುತ್ತೆ ಅಮ್ಮ!"

"ನನ್ನ ಮಗಳು ಹುಟ್ಟಿದಾಗಿಂದ ನಿಧಾನಕ್ಕೆ ಮಾತಾಡಿದವಳಲ್ಲ." ತಾಯಿ ಅವನ ಗಲ್ಲ ಬಿಡಲಿಲ್ಲ. "ನೀನೇ... ಕಲಿಸ್ಕೋ."

ಅವನು ಓದಿದ. ಓದಿದ್ದು ನಿಜವೋ ಎಂದು ಸಬೊಹತ್‌ಳ ಮುಖ ನೋಡಿದ. ನಿಜ ಎಂದು ತಿಳಿದ ಮೇಲೆ ಅಷ್ಟು ದೊಡ್ಡ ಗಂಡಸು ಅಲ್ಲೇ ಕಂಬಕ್ಕೆ ಹಣೆ ಹಚ್ಚಿ ಬಿಕ್ಕಿದ.

ಸಂಜೆ ಹಿತ್ತಲಿನ ಜರ್ದಾಳು ಮರದ ಕೆಳಗೆ ಇಬ್ಬರೇ ಕೂತಿದ್ದರು. ಅವನಿಗೆ ತನ್ನ ಮುಖ ಕಾಣುವಂತೆ ಸಬೊಹತ್ ಎದುರಿಗೇ ಕೂತಿದ್ದಳು.

"ಆಗ ನಾನು ಹೇಳಿದ್ದು... ಸ್ವಲ್ಪ ಜೋರಾಯ್ತಾ?"

"ಸ್ವಲ್ಪಾನಾ? ನದಿ ಆಚೆ ಹಳ್ಳಿಯವರಿಗೂ ಕೇಳಿಸಿರುತ್ತೆ."

ಅವನ ಮುಖ ಕೆಂಪಗಾಯಿತು. ತಲೆ ತಗ್ಗಿಸಿದ. ಅವಳು ಗಲ್ಲ ಹಿಡಿದು ಎತ್ತಿದಳು.

"ಅಲ್ಯೋರ್... ಇನ್ನೊಂದ್ಸಲ ಹೇಳು."

"ಮೆಲ್ಲಗೆ ಹೇಳ್ಲಾ?"

"ಬೇಡ," ಅಂದಳು ಸಬೊಹತ್. "ಹಾಗೇ ಹೇಳು."